ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ: ಕಬ್ಬಿನ ಹಂಗಾಮು ಮತ್ತು ಟ್ರ್ಯಾಕ್ಟರ್-ಟ್ರೇಲರ್ ಸುರಕ್ಷತೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಬೀದರ್, ಮಂಡ್ಯ ಮೊದಲಾದ ಜಿಲ್ಲೆಗಳ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಹಗಲಿರುಳೆನ್ನದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಕಾರ್ಖಾನೆಗಳತ್ತ ಸಾಗುತ್ತವೆ. ಒಂದು ಟ್ರ್ಯಾಕ್ಟರಿಗೆ ಒಂದಲ್ಲ, ಎರಡು ಟ್ರೇಲರ್‌ಗಳನ್ನು ಜೋಡಿಸಿರುವುದೂ ಸಾಮಾನ್ಯ ದೃಶ್ಯ. ಇದೇ ತಿಂಗಳುಗಳಲ್ಲಿ ಟ್ರೇಲರ್ ಮಗುಚಿದ, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಹತೋಟಿ ತಪ್ಪಿದ, ಕತ್ತಲಲ್ಲಿ ನಿಂತಿದ್ದ ಟ್ರೇಲರಿಗೆ ಬೈಕು ಅಪ್ಪಳಿಸಿದ ಸುದ್ದಿಗಳೂ ಬರುತ್ತಲೇ ಇರುತ್ತವೆ. ಪ್ರತಿ ಸುದ್ದಿಯ ಕೊನೆಯಲ್ಲಿ 'ಚಾಲಕನ ಅಜಾಗರೂಕತೆ' ಅಥವಾ 'ಬ್ರೇಕ್ ವೈಫಲ್ಯ' ಎಂಬ ಒಂದು ಸಾಲು ಇರುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಬ್ರೇಕು ವಿಫಲವಾಗಿರುವುದಿಲ್ಲ. ಅಷ್ಟು ಭಾರವನ್ನು ನಿಲ್ಲಿಸುವ ಶಕ್ತಿ ಆ ಬ್ರೇಕಿಗೆ ಮೊದಲಿನಿಂದಲೂ ಇರಲಿಲ್ಲ ಎಂಬುದೇ ವಾಸ್ತವ.

ಒಂದು ವಾಹನ ಎಷ್ಟು ಭಾರ ಎಳೆಯಬಲ್ಲದು ಎಂಬುದು ಬೇರೆ, ಎಷ್ಟು ಭಾರವನ್ನು ನಿಲ್ಲಿಸಬಲ್ಲದು ಎಂಬುದು ಬೇರೆ. ಈ ಎರಡರ ನಡುವಣ ಅಂತರವನ್ನು ಅರಿಯದಿರುವುದೇ ಬಹುಪಾಲು ಅನಾಹುತಗಳ ಮೂಲ. ಟ್ರ್ಯಾಕ್ಟರ್ ಮಾಲೀಕರು, ಚಾಲಕರು ಹಾಗೂ ಕಬ್ಬು ಬೆಳೆಗಾರರು ತಿಳಿದಿರಬೇಕಾದ ಕೆಲವು ಮೂಲ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹೆಚ್ಚು ಹೇರುವುದೇಕೆ?

ಕಡಿದ ಕಬ್ಬು ಗದ್ದೆಯಲ್ಲಿ ಕಾಯುವಂತಿಲ್ಲ. ಕಟಾವಾದ 24 ಗಂಟೆಗಳೊಳಗೆ ಅದು ಗಾಣಕ್ಕೆ ಸೇರಿದರೆ ಉತ್ತಮ. ತಡವಾದಷ್ಟೂ ಕಬ್ಬಿನ ತೂಕ ಇಳಿಯುತ್ತದೆ, ಅದರೊಳಗಿನ ಸಕ್ಕರೆಯ ಅಂಶವೂ ಕ್ಷೀಣಿಸುತ್ತದೆ. ಕಟಾವು ಗ್ಯಾಂಗ್ ಸಿಕ್ಕ ದಿನವೇ ಎಲ್ಲವನ್ನೂ ಸಾಗಿಸಿಬಿಡಬೇಕೆಂಬ ಆತುರ ರೈತನಿಗೆ. ಸಾಗಾಣಿಕೆಯ ಬಾಡಿಗೆ ಟನ್ ಹಾಗೂ ದೂರದ ಲೆಕ್ಕದಲ್ಲಿ ಸಿಗುವುದರಿಂದ, ಒಂದೇ ಸುತ್ತಿನಲ್ಲಿ ಹೆಚ್ಚು ಟನ್ ಒಯ್ದರೆ ಡೀಸೆಲ್ ಉಳಿಯಿತೆಂಬ ಲೆಕ್ಕಾಚಾರ ಟ್ರ್ಯಾಕ್ಟರ್ ಮಾಲೀಕನಿಗೆ. ಟ್ರ್ಯಾಕ್ಟರಿನ ಸಾಲದ ಕಂತು ಬೇರೆ ಬೆನ್ನ ಹಿಂದೆ ಇರುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸರದಿಯಲ್ಲಿ ಕಾಯಬೇಕಾದ ಚಾಲಕನಿಗೂ, ಕಾಯುವುದೇ ಆದರೆ ದೊಡ್ಡ ಲೋಡಿಗಾಗಿಯೇ ಕಾಯೋಣವೆಂಬ ಭಾವನೆ ಮೂಡುವುದು ಸಹಜ.

ಹೀಗೆ ಎಲ್ಲರಿಗೂ ಅವರವರ ಕಾರಣಗಳಿವೆ. ಆದರೆ ರಸ್ತೆಯ ಮೇಲೆ ಈ ಯಾವ ಕಾರಣವೂ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಡೆಯುವುದು ತೂಕ ಮತ್ತು ವೇಗದ ಲೆಕ್ಕ ಮಾತ್ರ.

ಬ್ರೇಕಿನ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಟ್ರ್ಯಾಕ್ಟರಿನ ತೂಕ 2 ಟನ್. ಅದರ ಹಿಂದೆ ಎರಡು ಚಕ್ರದ, ಬ್ರೇಕಿಲ್ಲದ ಒಂದು ಟ್ರೇಲರ್. ಕಬ್ಬು ಸೇರಿ ಟ್ರೇಲರಿನ ತೂಕ 12 ಟನ್. ಒಟ್ಟು 14 ಟನ್. ಟ್ರೇಲರಿನ ಭಾರದಲ್ಲಿ ಸುಮಾರು 1 ಟನ್ ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ.

ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಟ್ರ್ಯಾಕ್ಟರಿನ ಸ್ವಂತ ತೂಕದಲ್ಲಿ ಸುಮಾರು 1.3 ಟನ್ ಹಾಗೂ ಕೊಂಡಿಯ 1 ಟನ್ ಸೇರಿ ಆ ಚಕ್ರಗಳ ಮೇಲೆ 2.3 ಟನ್ ಭಾರವಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಟೈರಿನ ಹಿಡಿತ ಈ ಭಾರದ ಶೇ. 60ರಷ್ಟು ಎಂದು ಭಾವಿಸಿದರೆ, ಬ್ರೇಕನ್ನು ಎಷ್ಟೇ ಬಲವಾಗಿ ಒತ್ತಿದರೂ ದೊರೆಯುವ ತಡೆ ಸುಮಾರು 1.4 ಟನ್ ಬಲಕ್ಕೆ ಸಮ. 14 ಟನ್ ತೂಕವನ್ನು ನಿಲ್ಲಿಸಲು 1.4 ಟನ್ ಬಲ! ಬ್ರೇಕ್ ಹೊಸದೇ ಆಗಿರಲಿ, ಮೆಕ್ಯಾನಿಕ್ ನಿನ್ನೆಯಷ್ಟೇ ಸರಿಪಡಿಸಿರಲಿ, ಈ ಮಿತಿ ಬದಲಾಗದು. ಏಕೆಂದರೆ ಮಿತಿ ಇರುವುದು ಬ್ರೇಕಿನಲ್ಲಲ್ಲ, ಟೈರು ಮತ್ತು ರಸ್ತೆಯ ನಡುವಣ ಹಿಡಿತದಲ್ಲಿ.

ಇದರ ಪರಿಣಾಮವನ್ನು ದೂರದಲ್ಲಿ ಅಳೆಯಬಹುದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗುವ ಖಾಲಿ ಟ್ರ್ಯಾಕ್ಟರ್, ಅಂದರೆ ಟ್ರೇಲರ್ ಇಲ್ಲದ್ದು, ಚಾಲಕ ಅಪಾಯವನ್ನು ಕಂಡು ಬ್ರೇಕ್ ತುಳಿಯಲು ತಗಲುವ ಒಂದು ಸೆಕೆಂಡೂ ಸೇರಿ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ವೇಗದಲ್ಲಿ ಮೇಲಿನ 14 ಟನ್ನಿನ ಜೋಡಿ ನಿಲ್ಲಲು ಸುಮಾರು 32 ಮೀಟರ್ ಬೇಕು. ವೇಗವನ್ನು 40 ಕಿ.ಮೀ.ಗೆ ಏರಿಸಿದರೆ ಈ ದೂರ 75 ಮೀಟರಿಗೆ ಜಿಗಿಯುತ್ತದೆ. ಮಂಜು ಅಥವಾ ಮಳೆಯಿಂದ ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ವೇಗ ಎರಡರಷ್ಟಾದರೆ ನಿಲ್ಲುವ ದೂರ ಎರಡರಷ್ಟಲ್ಲ, ಹತ್ತಿರಹತ್ತಿರ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ಇಳಿಜಾರಿನ ಲೆಕ್ಕ. 20 ಮೀಟರ್ ಸಾಗಿದರೆ 1 ಮೀಟರ್ ಇಳಿಯುವ ಸಾಧಾರಣ ಇಳಿಜಾರಿನಲ್ಲಿ 14 ಟನ್ ತೂಕವು ತನ್ನಷ್ಟಕ್ಕೆ ತಾನೇ 0.7 ಟನ್ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಅಂದರೆ ಬ್ರೇಕಿನ ಅರ್ಧ ಶಕ್ತಿ ಅಲ್ಲೇ ಮುಗಿಯಿತು. 10 ಮೀಟರಿಗೆ 1 ಮೀಟರ್ ಇಳಿಯುವ ಕಡಿದಾದ ಜಾಗದಲ್ಲಿ ತಳ್ಳುವ ಬಲ 1.4 ಟನ್ ಆಗುತ್ತದೆ. ತಳ್ಳುವ ಬಲವೂ ತಡೆಯುವ ಬಲವೂ ಸಮನಾದವು. ಆಗ ಚಾಲಕ ಎದ್ದು ನಿಂತು ಬ್ರೇಕ್ ತುಳಿದರೂ ವಾಹನ ನಿಲ್ಲುವುದಿಲ್ಲ. ಕೆರೆ ಏರಿಯಿಂದ ಇಳಿಯುವಾಗ, ಹಳ್ಳದ ಸೇತುವೆಯತ್ತ ಸಾಗುವಾಗ, ಕಾಲುವೆ ದಂಡೆಯಿಂದ ಮುಖ್ಯರಸ್ತೆಗೆ ಇಳಿಯುವಾಗ 'ಬ್ರೇಕ್ ಫೇಲ್' ಎಂದು ವರದಿಯಾಗುವ ಅಪಘಾತಗಳಲ್ಲಿ ಹಲವು ಇಂಥವೇ.

ಇಳಿಜಾರಿನಲ್ಲಿ ಮಾಡಬೇಕಾದುದು

ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರಿನಲ್ಲಿರಬೇಕೆಂಬುದು ಹಳೆಯ ಹಾಗೂ ಸರಿಯಾದ ನಿಯಮ. ಇಳಿಜಾರು ಆರಂಭವಾಗುವ ಮೊದಲೇ ವೇಗ ತಗ್ಗಿಸಿ ಕೆಳ ಗೇರಿಗೆ ಬರಬೇಕು. ಇಳಿಯಲಾರಂಭಿಸಿದ ಮೇಲೆ ಗೇರು ಬದಲಿಸಲು ಹೋಗಿ ಗೇರು ಕೂರದಿದ್ದರೆ ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿ ಉಳಿದು, ಎಂಜಿನ್ನಿನ ತಡೆ ಸಂಪೂರ್ಣ ಇಲ್ಲವಾಗುತ್ತದೆ. ಕ್ಲಚ್ ಒತ್ತಿಹಿಡಿದು ಇಳಿಯುವುದೂ ಅಷ್ಟೇ ಅಪಾಯಕಾರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವ ಅಭ್ಯಾಸ ಎಷ್ಟೋ ಚಾಲಕರಲ್ಲಿದೆ. ಉಳಿಯುವ ಡೀಸೆಲ್ ಕೆಲವು ಹನಿ, ಪಣಕ್ಕಿಡುವುದು ಜೀವ.

ಟ್ರ್ಯಾಕ್ಟರಿನ ಎಡ ಮತ್ತು ಬಲ ಹಿಂಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್‌ಗಳಿರುತ್ತವೆ. ಹೊಲದಲ್ಲಿ ಸಾಲಿನ ಕೊನೆಗೆ ಚಿಕ್ಕ ಜಾಗದಲ್ಲಿ ತಿರುಗಲು ಮಾಡಿರುವ ಅನುಕೂಲವದು. ರಸ್ತೆಗೆ ಬರುವ ಮುನ್ನ ಈ ಎರಡು ಪೆಡಲ್‌ಗಳನ್ನು ಅವುಗಳ ಲಾಕಿನಿಂದ ಕಡ್ಡಾಯವಾಗಿ ಒಂದುಗೂಡಿಸಬೇಕು. ಮರೆತರೆ, ಗಾಬರಿಯಲ್ಲಿ ಒಂದೇ ಪೆಡಲ್ ಮೇಲೆ ಕಾಲು ಬಿದ್ದು ಒಂದೇ ಚಕ್ರ ಹಿಡಿದುಕೊಳ್ಳುತ್ತದೆ. ಟ್ರ್ಯಾಕ್ಟರ್ ಗಕ್ಕನೆ ಒಂದು ಬದಿಗೆ ತಿರುಗುತ್ತದೆ, ಹಿಂದಿನ ಭಾರ ಅದನ್ನು ಮಗುಚುತ್ತದೆ. ಎರಡೂ ಬದಿಯ ಬ್ರೇಕ್ ಸಮನಾಗಿ ಹಿಡಿಯುತ್ತಿದೆಯೇ ಎಂದು ಖಾಲಿ ಟ್ರ್ಯಾಕ್ಟರಿನಲ್ಲಿ ಪರೀಕ್ಷಿಸಿಕೊಳ್ಳಬೇಕು. ಹೊಲದಲ್ಲಿ ಬಳಸುವ ಡಿಫರೆನ್ಷಿಯಲ್ ಲಾಕ್ ರಸ್ತೆಯಲ್ಲಿ ಬಿಟ್ಟಿರಲೇಬೇಕು.

ಬ್ರೇಕ್ ಒತ್ತಿದಾಗ ಟ್ರೇಲರ್ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕುತ್ತದೆ. ನೇರ ರಸ್ತೆಯಲ್ಲಾದರೆ ನಿಲ್ಲುವ ದೂರ ಹೆಚ್ಚುತ್ತದೆ, ಅಷ್ಟೇ. ತಿರುವಿನಲ್ಲಾದರೆ ಟ್ರ್ಯಾಕ್ಟರಿನ ಹಿಂಭಾಗವನ್ನೇ ಅಡ್ಡಕ್ಕೆ ತಳ್ಳಿ, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಮಡಚುವ ಚಾಕುವಿನಂತೆ ಒಂದರತ್ತ ಒಂದು ಮಡಚಿಕೊಳ್ಳುತ್ತವೆ. ಆದ್ದರಿಂದ ಬ್ರೇಕನ್ನು ತಿರುವಿಗೆ ಮೊದಲೇ, ನೇರ ರಸ್ತೆಯಲ್ಲಿಯೇ ಒತ್ತಿ ವೇಗ ತಗ್ಗಿಸಿಕೊಳ್ಳಬೇಕು.

ಇದಕ್ಕೆಲ್ಲ ನಿಜವಾದ ಪರಿಹಾರವೆಂದರೆ ಟ್ರೇಲರಿಗೇ ಬ್ರೇಕ್ ಅಳವಡಿಸುವುದು. ಗಾಳಿಯ ಒತ್ತಡ, ಹೈಡ್ರಾಲಿಕ್ ಅಥವಾ ಟ್ರೇಲರ್ ಮುಂದಕ್ಕೆ ನೂಕಿದಾಗ ತಾನಾಗಿಯೇ ಹಿಡಿಯುವ ಬ್ರೇಕ್‌ಗಳು ಬಳಕೆಯಲ್ಲಿವೆ. ಎಲ್ಲ ಚಕ್ರಗಳೂ ಬ್ರೇಕಿಗೆ ಪಾಲು ನೀಡಿದರೆ, ಅವು ಒಟ್ಟು ತೂಕದ ಶೇ. 40ರಷ್ಟು ತಡೆಯನ್ನಷ್ಟೇ ಕೊಟ್ಟರೂ, ಮೇಲಿನ 14 ಟನ್ ಜೋಡಿಯು 25 ಕಿ.ಮೀ. ವೇಗದಿಂದ 13 ಮೀಟರ್ ಆಸುಪಾಸಿನಲ್ಲಿ ನಿಲ್ಲಬಲ್ಲದು. ಹಿಂದಿನವರು ಎತ್ತಿನ ಗಾಡಿಯ ಗಾಲಿಗೇ ಮರದ ಬ್ರೇಕ್ ಕಟ್ಟುತ್ತಿದ್ದರು. ಇಳಿಜಾರಿನಲ್ಲಿ ಗಾಡಿಯ ಭಾರವನ್ನೆಲ್ಲ ಎತ್ತುಗಳ ಕತ್ತಿನ ಮೇಲೆ ಬಿಡಬಾರದೆಂಬ ತಿಳಿವಳಿಕೆ ಅವರಿಗಿತ್ತು. ಹತ್ತಾರು ಪಟ್ಟು ಹೆಚ್ಚು ಭಾರ ಒಯ್ಯುವ ಟ್ರೇಲರಿಗೆ ಅಷ್ಟೂ ಇಲ್ಲದಿರುವುದು ವಿಷಾದಕರ.

ಮೂಕಿಯ ಪಾಠ

ಗಾಡಿ ಹೇರಿ ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಭಾರ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳಿಗೆ ಒತ್ತುತ್ತದೆ. ಮುಂದೆ ಹೆಚ್ಚಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಎರಡು ಚಕ್ರದ ಟ್ರೇಲರಿನ ನಿಯಮವೂ ಇದೇ.

ಭಾರ ಹಿಂದಕ್ಕೆ ಹೋದರೆ ಕೊಂಡಿಯು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಹಿಂಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಇರುವುದೂ ಅಲ್ಲಿಯೇ ಆದ್ದರಿಂದ ನಿಲ್ಲಿಸುವ ಶಕ್ತಿಯೂ ಅದರೊಂದಿಗೆ ಹೋಯಿತು. ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡಲಾರಂಭಿಸುತ್ತದೆ. ಭಾರ ಅತಿಯಾಗಿ ಮುಂದೆ ಬಿದ್ದರೆ ಹಿಂದಿನ ಅಚ್ಚಿನ ಮೇಲೆ ಒತ್ತಡ ಹೆಚ್ಚಿ ಟ್ರ್ಯಾಕ್ಟರಿನ ಮುಂಚಕ್ರಗಳು ನೆಲ ಬಿಡುತ್ತವೆ. ಏರಿನಲ್ಲಿ ಮುಂಚಕ್ರಗಳನ್ನೆತ್ತಿಕೊಂಡು ಸಾಗುವ ಕಬ್ಬಿನ ಟ್ರ್ಯಾಕ್ಟರ್‌ಗಳ ದೃಶ್ಯವನ್ನು ಸಾಹಸವೆಂಬಂತೆ ಮೊಬೈಲಿನಲ್ಲಿ ಹಂಚಿಕೊಳ್ಳುವವರಿದ್ದಾರೆ. ಮುಂಚಕ್ರ ನೆಲದ ಮೇಲಿಲ್ಲವೆಂದರೆ ಸ್ಟಿಯರಿಂಗ್ ಇಲ್ಲವೆಂದೇ ಅರ್ಥ. ಟ್ರ್ಯಾಕ್ಟರಿನ ತೂಕದಲ್ಲಿ ಕನಿಷ್ಠ ಐದನೇ ಒಂದು ಭಾಗವಾದರೂ ಮುಂಚಕ್ರಗಳ ಮೇಲಿರಬೇಕು. ಅಗತ್ಯವಿದ್ದಲ್ಲಿ ಮುಂದೆ ಕಬ್ಬಿಣದ ತೂಕಗಳನ್ನು ಜೋಡಿಸಬೇಕೇ ಹೊರತು, ಬಂಪರಿನ ಮೇಲೆ ಜನರನ್ನು ಕೂರಿಸಿ ಮುಂಭಾಗವನ್ನು ಒತ್ತಿಹಿಡಿಸುವುದು ಸರಿಯಲ್ಲ.

ಕೊಂಡಿಯನ್ನು ಎಲ್ಲಿ ಸಿಕ್ಕಿಸಬೇಕೆಂಬುದೂ ಮುಖ್ಯ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ, ಅಚ್ಚಿಗಿಂತ ಕೆಳಮಟ್ಟದಲ್ಲಿ ತಯಾರಕರೇ ಕೊಟ್ಟಿರುವ ಡ್ರಾಬಾರ್ ಅಥವಾ ಹುಕ್ಕಿಗೆ ಮಾತ್ರ ಭಾರವನ್ನು ಜೋಡಿಸಬೇಕು. ಎತ್ತರದ ಜಾಗಕ್ಕೆ, ಅಚ್ಚಿಗೆ ಅಥವಾ ಮೇಲಿನ ಲಿಂಕಿಗೆ ಸರಪಳಿ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಕೆಸರಿನಲ್ಲಿ ಹೂತ ಟ್ರೇಲರ್ ಅಥವಾ ಇನ್ನೊಂದು ಟ್ರ್ಯಾಕ್ಟರನ್ನು ಎಳೆಯುವಾಗ ಇಂಥ ಅವಘಡಗಳಿಗೆ ಹೆಚ್ಚು ಆಸ್ಪದ. ಚಕ್ರಗಳು ತಿರುಗಲಾರದೆ ಸಿಕ್ಕಿಕೊಂಡಾಗ ಎಂಜಿನ್ನಿನ ಬಲವು ಚಕ್ರವನ್ನು ತಿರುಗಿಸುವ ಬದಲು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ಮೇಲಕ್ಕೆತ್ತುತ್ತದೆ. ಮುಂಭಾಗ ಎದ್ದದ್ದು ಅರಿವಿಗೆ ಬಂದು ಕ್ಲಚ್ ಒತ್ತುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಇದಕ್ಕೆ ಹಿಡಿಯುವ ಕಾಲ ಎರಡು ಸೆಕೆಂಡಿಗೂ ಕಡಿಮೆ. ಹೂತ ವಾಹನದ ಭಾರವನ್ನು ಮೊದಲು ಇಳಿಸಿ, ಚಕ್ರದ ಮುಂದಿನ ಮಣ್ಣನ್ನು ತೆಗೆದು, ಕೆಳ ಗೇರಿನಲ್ಲಿ ನಿಧಾನವಾಗಿ ಎಳೆಯಬೇಕು. ಬಿಗಿಯಾದ ಸರಪಳಿ ಅಥವಾ ತಂತಿಹಗ್ಗ ತುಂಡಾದರೆ ಚಾಟಿಯಂತೆ ಬೀಸುವುದರಿಂದ ಅದರ ಉದ್ದದಷ್ಟು ಸುತ್ತಳತೆಯಲ್ಲಿ ಯಾರೂ ನಿಲ್ಲಬಾರದು.

ತಿರುವು ಮತ್ತು ಎರಡನೇ ಟ್ರೇಲರ್

ಕಬ್ಬು ಹಗುರವಾದ ಸರಕಲ್ಲ. ಆದರೆ ಹರಡಿಕೊಳ್ಳುವ ಸರಕು. ಟ್ರೇಲರಿನ ಪಕ್ಕದ ಹಲಗೆಗಳ ಮೇಲೆ ಗೂಟ ನೆಟ್ಟು ಮತ್ತೆ ಒಂದಾಳೆತ್ತರ ಹೇರಿದಾಗ ಭಾರದ ಕೇಂದ್ರ ಬಹಳ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಹೊರಬದಿಗೆ ತಳ್ಳುವ ಬಲ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 25 ಕಿ.ಮೀ. ವೇಗವಿದ್ದರೆ ಪಕ್ಕಕ್ಕೆ ತಳ್ಳುವ ಬಲ ಭಾರದ ಕಾಲುಭಾಗದಷ್ಟು. ಅದೇ ತಿರುವಿನಲ್ಲಿ 40 ಕಿ.ಮೀ. ವೇಗವಿದ್ದರೆ ಅದು ಭಾರದ ಶೇ. 60ಕ್ಕೂ ಹೆಚ್ಚು. ಎತ್ತರಕ್ಕೆ ಹೇರಿದ ಟ್ರೇಲರ್ ಮಗುಚಲು ಅಷ್ಟು ಬೇಕಾಗಿಲ್ಲ. ರಸ್ತೆಯ ಅಂಚು ಕುಸಿದು ಒಂದು ಬದಿಯ ಚಕ್ರ ತಗ್ಗಿಗಿಳಿದರೆ ಇನ್ನೂ ಕಡಿಮೆ ಸಾಕು. ಮಗುಚಿದಾಗ ಕಬ್ಬಿನ ರಾಶಿಯಡಿ ಸಿಲುಕುವವರು ಬಹುಮಟ್ಟಿಗೆ ಪಕ್ಕದಲ್ಲಿ ಸಾಗುತ್ತಿದ್ದ ಬೈಕ್ ಸವಾರರು, ಪಾದಚಾರಿಗಳು ಅಥವಾ ಕಬ್ಬಿನ ಮೇಲೆ ಕುಳಿತು ಬರುತ್ತಿದ್ದ ಕಾರ್ಮಿಕರು.

ಎರಡು ಟ್ರೇಲರ್ ಜೋಡಿಸಿದಾಗ ಅಪಾಯ ಎರಡು ಪಟ್ಟಾಗುವುದಷ್ಟೇ ಅಲ್ಲ. ಟ್ರ್ಯಾಕ್ಟರ್ ಗುಂಡಿ ತಪ್ಪಿಸಲು ಸ್ವಲ್ಪ ಪಕ್ಕಕ್ಕೆ ಸರಿದರೆ ಮೊದಲ ಟ್ರೇಲರ್ ಅದಕ್ಕಿಂತ ಹೆಚ್ಚು ಹೊಯ್ದಾಡುತ್ತದೆ, ಕೊನೆಯದು ಇನ್ನೂ ಹೆಚ್ಚು. ಚಾಲಕನಿಗೆ ಹಿಂದಿನ ಟ್ರೇಲರ್ ಕಾಣುವುದೇ ಇಲ್ಲ. ತಿರುವಿನಲ್ಲಿ ಹಿಂದಿನ ಟ್ರೇಲರ್ ಮುಂದಿನದಕ್ಕಿಂತ ಒಳಬದಿಗೆ ಕತ್ತರಿಸಿಕೊಂಡು ಸಾಗುವುದರಿಂದ ತಿರುವಿನ ಒಳಗಡೆ ನಿಂತವರಿಗೆ ಅಪಾಯ. ಹಿಂದಿನಿಂದ ಬರುವ ವಾಹನ ಸವಾರ ಇಷ್ಟುದ್ದದ ಸಾಲನ್ನು ದಾಟಲು ಹೊರಟರೆ ಎದುರು ಬದಿಯಲ್ಲಿ ಬಹುಕಾಲ ಇರಬೇಕಾಗುತ್ತದೆ. ಎರಡನೇ ಟ್ರೇಲರಿನಿಂದ ದೊರೆಯುವ ಹೆಚ್ಚುವರಿ ಬಾಡಿಗೆಯನ್ನು ಲೆಕ್ಕ ಹಾಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಿಕಪ್ ವಾಹನದಿಂದ ಎಳೆಯಬಹುದೇ?

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ಸಣ್ಣ ಪಿಕಪ್ ವಾಹನಗಳು ಹೆಚ್ಚಿವೆ. ರಾಗಿ, ಮೆಕ್ಕೆಜೋಳ, ತೊಗರಿ ಒಕ್ಕಣೆಯ ಕಾಲದಲ್ಲಿ ಒಕ್ಕಣೆ ಯಂತ್ರವನ್ನು ಊರಿಂದೂರಿಗೆ ಒಯ್ಯಲು, ಟ್ರ್ಯಾಕ್ಟರ್ ನಿಧಾನವಾಯಿತೆಂದು ಪಿಕಪ್‌ನ ಹಿಂದೆ ಕಟ್ಟಿ ಎಳೆಯುವ ಯೋಚನೆ ಕೆಲವರಿಗೆ ಬರುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ದೇಶಗಳಲ್ಲಿ ಪಿಕಪ್‌ನಿಂದ ಕೃಷಿ ಯಂತ್ರಗಳನ್ನು ಎಳೆದೊಯ್ಯುವುದು ರೂಢಿಯಲ್ಲಿದೆ. ಆದರೆ ಅಲ್ಲಿ ಪ್ರತಿ ಮಾದರಿಗೂ ಎಳೆಯುವ ಭಾರದ ಮಿತಿಯನ್ನೂ, ವಾಹನ ಮತ್ತು ಟ್ರೇಲರ್ ಸೇರಿದ ಒಟ್ಟು ತೂಕದ ಮಿತಿಯನ್ನೂ ತಯಾರಕರು ನಮೂದಿಸುತ್ತಾರೆ. ಭಾರದ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿಯೇ ಬ್ರೇಕ್ ಹಿಡಿಯುವ ಸಾಧನವೂ ಇರುತ್ತದೆ.

ನಮ್ಮಲ್ಲಿ ವಾಹನದ ಕೈಪಿಡಿಯಲ್ಲಿ ಎಳೆಯುವ ಭಾರದ ಮಿತಿ ನಮೂದಾಗಿಲ್ಲವೆಂದರೆ, ಆ ವಾಹನವನ್ನು ಭಾರ ಎಳೆಯಲು ರೂಪಿಸಿಲ್ಲವೆಂದೇ ತಿಳಿಯತಕ್ಕದ್ದು. ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಕ್ಕೊಂದು ಹುಕ್ಕು ಬೆಸೆಸಿಕೊಂಡ ಮಾತ್ರಕ್ಕೆ ಆ ಸಾಮರ್ಥ್ಯ ಬರುವುದಿಲ್ಲ.

ಇಲ್ಲಿಯೂ ಮೂಕಿಯ ಪಾಠ ಅನ್ವಯಿಸುತ್ತದೆ. ಪಿಕಪ್ ಎಳೆಯುವ ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕೆಂಬುದು ಸಾಮಾನ್ಯ ಸೂತ್ರ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಓಲಾಡುತ್ತದೆ. 1,500 ಕಿಲೋ ತೂಕದ ಟ್ರೇಲರಿಗೆ ಕೊಂಡಿಯ ಭಾರ 150ರಿಂದ 225 ಕಿಲೋ ಆಯಿತು. ಈ ಭಾರವನ್ನು ಪಿಕಪ್ ಹೊರಬಹುದಾದ ಸರಕಿನ ಲೆಕ್ಕದಲ್ಲೇ ಸೇರಿಸಬೇಕು. ಜೊತೆಗೆ ಅದು ಹಿಂದಿನ ಅಚ್ಚಿನಿಂದಾಚೆ ಬೀಳುವುದರಿಂದ ಸನ್ನೆಕೋಲಿನಂತೆ ಮುಂಭಾಗವನ್ನು ಎತ್ತುತ್ತದೆ. ಕೊಂಡಿ ಅಚ್ಚಿನಿಂದ 1.2 ಮೀಟರ್ ಹಿಂದಿದ್ದು, ಎರಡು ಅಚ್ಚುಗಳ ನಡುವಣ ಅಂತರ 3 ಮೀಟರ್ ಇದ್ದರೆ, ಕೊಂಡಿಯ ಮೇಲಿನ 200 ಕಿಲೋ ಭಾರ ಮುಂಚಕ್ರಗಳಿಂದ 80 ಕಿಲೋ ಕಸಿದು ಹಿಂಚಕ್ರಗಳ ಮೇಲೆ ಒಟ್ಟು 280 ಕಿಲೋ ಹೊರಿಸುತ್ತದೆ. ಸ್ಟಿಯರಿಂಗ್ ಹಗುರವಾಯಿತು ಎಂದು ಚಾಲಕನಿಗೆ ಅನಿಸಿದರೆ ಅದು ಸುಖದ ಲಕ್ಷಣವಲ್ಲ, ಎಚ್ಚರಿಕೆಯ ಲಕ್ಷಣ.

ಒಕ್ಕಣೆ ಯಂತ್ರ, ಬಿತ್ತನೆ ಯಂತ್ರ ಮುಂತಾದವುಗಳ ಚಕ್ರ ಹಾಗೂ ಬೇರಿಂಗ್‌ಗಳು ಹೊಲದ ನಿಧಾನಗತಿಗೆ ತಕ್ಕವು. ಟ್ರ್ಯಾಕ್ಟರಿನ ವೇಗಕ್ಕೆ ಸರಿಹೊಂದುವ ಅವನ್ನು ಪಿಕಪ್‌ನ ವೇಗದಲ್ಲಿ ಹೆದ್ದಾರಿಯಲ್ಲಿ ಎಳೆದರೆ ಬೇರಿಂಗ್ ಕಾದು ಚಕ್ರವೇ ಕಳಚುವ ಸಂಭವವಿದೆ. ಇಂಥ ಯಂತ್ರಗಳನ್ನು ಟ್ರ್ಯಾಕ್ಟರಿನಿಂದಲೇ ನಿಧಾನವಾಗಿ ಒಯ್ಯುವುದು ಕ್ಷೇಮ. ದೂರವಾದರೆ ಲಾರಿಗೆ ಹೇರಬೇಕು. ಪವರ್ ಟಿಲ್ಲರ್‌ನಂತಹ ಸಣ್ಣ ಯಂತ್ರಗಳನ್ನು ಪಿಕಪ್‌ನ ತೊಟ್ಟಿಯಲ್ಲಿಯೇ ಇಟ್ಟು, ಭಾರ ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದಿರುವಂತೆ ನೋಡಿಕೊಂಡು, ನಾಲ್ಕೂ ಮೂಲೆಗೆ ಬಿಗಿದು ಕಟ್ಟಿ ಒಯ್ಯಬಹುದು. ಹತ್ತು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಕಟ್ಟು ಸಡಿಲವಾಗಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಕತ್ತಲೆಯ ಅಪಾಯ

ಕಬ್ಬಿನ ಸಾಗಾಣಿಕೆ ಬಹುಮಟ್ಟಿಗೆ ರಾತ್ರಿಯೂ ನಡೆಯುತ್ತದೆ. ಕಬ್ಬಿನ ಸೋಗೆ ಹಿಂದಕ್ಕೆ ಚಾಚಿಕೊಂಡು ಟ್ರೇಲರಿನ ಹಿಂದೀಪವನ್ನೂ ಪ್ರತಿಫಲಕವನ್ನೂ ಮುಚ್ಚಿಬಿಡುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು 20 ಕಿ.ಮೀ. ವೇಗದ ಟ್ರೇಲರನ್ನು ಸಮೀಪಿಸುವಾಗ ಅವುಗಳ ನಡುವಣ ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕುಗ್ಗುತ್ತದೆ. ತಗ್ಗಿಸಿದ ದೀಪದ ಬೆಳಕಿನಲ್ಲಿ 40 ಮೀಟರ್ ದೂರದಲ್ಲಿ ಟ್ರೇಲರ್ ಕಂಡಿತೆಂದರೆ ಕಾರಿನ ಚಾಲಕನಿಗೆ ಉಳಿಯುವುದು ಎರಡೂವರೆ ಸೆಕೆಂಡಿಗೂ ಕಡಿಮೆ. ಅದೇ ಟ್ರೇಲರಿನ ಹಿಂದೆ ಸ್ವಚ್ಛವಾದ ಕೆಂಪು ಪ್ರತಿಫಲಕ ಪಟ್ಟಿ ಇದ್ದರೆ ಅದು ಬಹುದೂರದಿಂದಲೇ ಹೊಳೆದು ಎಚ್ಚರಿಸುತ್ತದೆ. ಈ ಪಟ್ಟಿಗೆ ತಗಲುವ ಖರ್ಚು ಒಂದು ಟನ್ ಕಬ್ಬಿನ ಬೆಲೆಗೆ ಹೋಲಿಸಿದರೆ ಅತ್ಯಲ್ಪ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 104ನೇ ನಿಯಮವು ಪ್ರತಿಫಲಕಗಳ ಅಳವಡಿಕೆಗೆ ಸಂಬಂಧಿಸಿದ್ದು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ನಿಧಾನಗತಿಯ ವಾಹನಗಳಿಗೆಂದೇ ರೂಪುಗೊಂಡ ಕಿತ್ತಳೆ-ಕೆಂಪು ತ್ರಿಕೋನ ಫಲಕ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ಹಿಂದಿನವನಿಗೆ 'ಮುಂದಿರುವುದು ನಿಧಾನದ ವಾಹನ' ಎಂದು ಮೊದಲೇ ತಿಳಿಸುವುದೊಂದೇ ಅದರ ಉದ್ದೇಶ.

ಟೈರ್ ಒಡೆದೋ ಅಚ್ಚು ಮುರಿದೋ ಟ್ರೇಲರ್ ರಸ್ತೆಯಲ್ಲೇ ನಿಂತರೆ ಅದರ ಸುತ್ತ ಕಲ್ಲುಗಳನ್ನಿಟ್ಟು ಹೊರಟುಹೋಗುವುದು ನಮ್ಮಲ್ಲಿ ರೂಢಿ. ಕತ್ತಲಲ್ಲಿ ಆ ಕಲ್ಲುಗಳೇ ಬೈಕ್ ಸವಾರರನ್ನು ಬೀಳಿಸುತ್ತವೆ. ವಾಹನ ಹೋದ ಮೇಲೂ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ಪ್ರತಿಫಲಕ ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಒಬ್ಬರು ಟಾರ್ಚ್ ಹಿಡಿದು ನಿಂತು, ಆದಷ್ಟು ಬೇಗ ಟ್ರೇಲರನ್ನು ರಸ್ತೆಯಿಂದ ಇಳಿಸುವುದು ಸರಿಯಾದ ಕ್ರಮ. ಚಾಲಕನ ಬಳಿ ಕಿವಿಗಡಚಿಕ್ಕುವಂತೆ ಹಾಡು ಹಾಕಿದ್ದರೆ ಹಿಂದಿನವರ ಹಾರ್ನ್ ಆಗಲಿ, ಚಕ್ರದ ಅಸಹಜ ಸದ್ದಾಗಲಿ ಕೇಳಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ. ಟ್ರ್ಯಾಕ್ಟರಿಗೆ ನೋಂದಣಿ, ವಿಮೆ ಇದ್ದ ಮಾತ್ರಕ್ಕೆ ಟ್ರೇಲರಿಗೂ ಇದ್ದಂತಾಗುವುದಿಲ್ಲ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ವಿಮಾ ಪತ್ರದಲ್ಲಿ ಅದು ನಮೂದಾಗಿರಬೇಕು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರನ್ನು ಬಾಡಿಗೆ ಸಾಗಾಣಿಕೆಗೆ ಬಳಸುವವರು ತಮ್ಮ ನೋಂದಣಿ ಹಾಗೂ ವಿಮೆ ಆ ಬಳಕೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಹಂಗಾಮಿಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಪಘಾತವಾದ ಬಳಿಕ ವಿಮಾ ಕಂಪನಿಯು ಮೊದಲು ಕೇಳುವ ಪ್ರಶ್ನೆ ಇದೇ. ವಿಮೆ ಅನ್ವಯಿಸದಿದ್ದಲ್ಲಿ ಪರಿಹಾರದ ಹೊಣೆ ಮಾಲೀಕನ ತಲೆಗೇ ಬರಬಹುದು, ಜಮೀನು ಮಾರಿದರೂ ತೀರದ ಮೊತ್ತ ಅದಾಗಿರಬಹುದು.

ಅತಿಭಾರಕ್ಕೆ ಕಾಯ್ದೆಯ 194ನೇ ಕಲಮಿನಲ್ಲಿ ದಂಡವಿದೆ. 2019ರ ತಿದ್ದುಪಡಿಯಲ್ಲಿ ಅದನ್ನು 20,000 ರೂಪಾಯಿ ಹಾಗೂ ಮಿತಿಮೀರಿದ ಪ್ರತಿ ಟನ್ನಿಗೆ 2,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಹೆಚ್ಚುವರಿ ಭಾರವನ್ನು ಇಳಿಸುವ ವೆಚ್ಚವೂ ವಾಹನದವರದೇ. ಸರಕು ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿಕೊಂಡಿದ್ದರೂ ದಂಡಕ್ಕೆ ಅವಕಾಶವಿದೆ. ಚಾಲನಾ ಪರವಾನಗಿಯ ವಿಷಯದಲ್ಲಿ, ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನದ ವರ್ಗಕ್ಕೆ ಸೇರುತ್ತದೆ. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋವರೆಗಿನ ಸಾರಿಗೆ ವಾಹನವನ್ನೂ ಚಲಾಯಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಆದರೆ ಪರವಾನಗಿಯೇ ಇಲ್ಲದ ಹುಡುಗರ ಕೈಗೆ ಸ್ಟಿಯರಿಂಗ್ ಕೊಡುವವರಿಗೆ ಯಾವ ತೀರ್ಪೂ ನೆರವಾಗದು.

ಹೊರಡುವ ಮುನ್ನ

ಗದ್ದೆಯಿಂದ ರಸ್ತೆಗೆ ಇಳಿಯುವ ಮುನ್ನ ಹತ್ತು ನಿಮಿಷ ವ್ಯಯಿಸಿ ಈ ಕೆಳಗಿನವನ್ನು ಪರಿಶೀಲಿಸಿದರೆ ಬಹುಪಾಲು ಅನಾಹುತಗಳನ್ನು ತಡೆಯಬಹುದು.

1. ಕೊಂಡಿಯ ಪಿನ್ನು ಸವೆದಿಲ್ಲವೇ, ಅದು ಮೇಲಕ್ಕೆ ಜಿಗಿಯದಂತೆ ಕೆಳಗೆ ಲಾಕ್ ಹಾಕಲಾಗಿದೆಯೇ? ಪಿನ್ನಿನ ಬದಲು ಕಬ್ಬಿಣದ ಸಲಾಕೆ, ಬೋಲ್ಟುಗಳನ್ನು ಬಳಸಬಾರದು.
2. ಪಿನ್ನು ತುಂಡಾದರೂ ಟ್ರೇಲರ್ ಕಳಚಿ ಹೋಗದಂತೆ ಸುರಕ್ಷತಾ ಸರಪಳಿ ಇದೆಯೇ?
3. ಎರಡೂ ಬ್ರೇಕ್ ಪೆಡಲ್‌ಗಳನ್ನು ಒಂದುಗೂಡಿಸಲಾಗಿದೆಯೇ? ಹೊರಟ ಕೂಡಲೇ ಸಮತಟ್ಟಾದ ಜಾಗದಲ್ಲಿ ಒಮ್ಮೆ ಬ್ರೇಕ್ ಪರೀಕ್ಷಿಸಲಾಗಿದೆಯೇ?
4. ಟ್ರೇಲರಿನ ಟೈರುಗಳಲ್ಲಿ ಗಾಳಿ ಎರಡೂ ಬದಿಗೆ ಸಮನಾಗಿದೆಯೇ? ಚಕ್ರದ ನಟ್ಟುಗಳು ಬಿಗಿಯಾಗಿವೆಯೇ?
5. ಭಾರ ಎರಡೂ ಬದಿಗೆ ಸಮನಾಗಿದೆಯೇ? ಮುಂಚಕ್ರಗಳು ನೆಲಕ್ಕೆ ಒತ್ತಿ ಕುಳಿತಿವೆಯೇ?
6. ಹಗ್ಗ, ಸರಪಳಿಗಳಿಂದ ಕಬ್ಬನ್ನು ಬಿಗಿಯಲಾಗಿದೆಯೇ? ಹಿಂದೀಪ, ಪ್ರತಿಫಲಕಗಳು ಸೋಗೆಯಿಂದ ಮುಚ್ಚಿಹೋಗಿಲ್ಲವೇ, ಕೆಸರು ಒರೆಸಲಾಗಿದೆಯೇ?
7. ಟ್ರೇಲರಿನ ಮೇಲೆ, ಕೊಂಡಿಯ ಮೇಲೆ, ಚಕ್ರದ ಮಡ್‌ಗಾರ್ಡಿನ ಮೇಲೆ ಯಾರೂ ಕುಳಿತಿಲ್ಲವೇ?
8. ದಾರಿಯಲ್ಲಿನ ಇಳಿಜಾರುಗಳು ಯಾವುವು, ಎಲ್ಲಿ ಗೇರು ಇಳಿಸಬೇಕೆಂಬುದು ಚಾಲಕನಿಗೆ ಗೊತ್ತಿದೆಯೇ?

ಕೊನೆಯದಾಗಿ ಕಾರ್ಖಾನೆಗಳ ಪಾತ್ರ. ಪ್ರತಿ ಟ್ರೇಲರಿನ ತೂಕ ಕಾರ್ಖಾನೆಯ ವೇ ಬ್ರಿಡ್ಜಿನ ಮೇಲೆ ದಾಖಲಾಗುತ್ತದೆ. ಯಾವ ವಾಹನ ಎಷ್ಟು ಅತಿಭಾರ ತಂದಿತೆಂಬುದು ಬೇರೆಲ್ಲರಿಗಿಂತ ಸ್ಪಷ್ಟವಾಗಿ ಅಲ್ಲಿಯೇ ಗೊತ್ತಾಗುತ್ತದೆ. ಹಂಗಾಮಿನ ಆರಂಭದಲ್ಲಿ ಸಾಗಾಣಿಕೆ ಕರಾರು ಮಾಡಿಕೊಳ್ಳುವಾಗಲೇ ಟ್ರೇಲರಿಗೆ ಬ್ರೇಕ್ ಹಾಗೂ ಪ್ರತಿಫಲಕ ಕಡ್ಡಾಯವೆಂದು ಷರತ್ತು ವಿಧಿಸುವುದು, ಯಾರ್ಡಿನಲ್ಲಿ ಕಾಯುವ ಅವಧಿಯನ್ನು ತಗ್ಗಿಸುವುದು, ಮಿತಿಯೊಳಗೆ ತಂದವರಿಗೆ ಸರದಿಯಲ್ಲಿ ಆದ್ಯತೆ ನೀಡುವುದು ಕಾರ್ಖಾನೆಗಳಿಂದ ಸಾಧ್ಯವಿರುವ ಕೆಲಸಗಳು. ಚಾಲಕನೊಬ್ಬನನ್ನೇ ದೂರುವುದರಿಂದ ರಸ್ತೆ ಸುರಕ್ಷಿತವಾಗದು.

ಅದೇನೇ ಇದ್ದರೂ ಸ್ಟಿಯರಿಂಗ್ ಹಿಡಿದು ಇಳಿಜಾರಿನ ನೆತ್ತಿಯಲ್ಲಿರುವವನು ಚಾಲಕ. ಒಂದು ಟನ್ ಕಡಿಮೆ ಹೇರಿದರೆ ಆಗುವ ನಷ್ಟವನ್ನು ಇನ್ನೊಂದು ಸುತ್ತಿನಲ್ಲಿ ತುಂಬಿಕೊಳ್ಳಬಹುದು. ಇಳಿಜಾರಿನಲ್ಲಿ ಹತೋಟಿ ತಪ್ಪಿದ ಹದಿನಾಲ್ಕು ಟನ್ ಭಾರವನ್ನು ಹಿಂದಕ್ಕೆ ಕರೆಯಲಾಗದು. ಹಂಗಾಮು ಮುಗಿದಾಗ ಕಬ್ಬಿನ ಬಿಲ್ಲಿನೊಂದಿಗೆ ಮನೆಯವರೂ ಕ್ಷೇಮವಾಗಿ ಇರಬೇಕಾದರೆ, ಹೇರುವಾಗಲೇ ನಿಲ್ಲಿಸುವ ಲೆಕ್ಕವನ್ನೂ ಹಾಕುವುದು ಅಗತ್ಯ.